ಗಣಿಯಾಗದ ಚಿನ್ನಕ್ಕೆ ಬೆಲೆ ಕಟ್ಟುವ ಬಗೆ

ಕಲಬುರಗಿ ಜಿಲ್ಲೆಯ ಕಡಗಂಚಿಯ ಎರೆಮಣ್ಣಿನ ಕೆಳಗಿರುವುದು ದಖನ್ನಿನ ಕರಿಕಲ್ಲು. ಅದರಲ್ಲಿ ಚಿನ್ನ ಹುಡುಕುವವರಿಲ್ಲ. ದಕ್ಷಿಣಕ್ಕೆ, ರಾಯಚೂರು ಜಿಲ್ಲೆಯಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ತೆಗೆದ ಚಿನ್ನವನ್ನು ತೂಗಿ ಬೆಲೆ ಹೇಳಬಹುದು. ಇನ್ನೂ ಹುಡುಕಾಟದಲ್ಲೇ ಇರುವ ಸಣ್ಣ ಕಂಪನಿಯನ್ನು ಯಾರಾದರೂ ಕೊಳ್ಳಹೊರಟರೆ ಎಷ್ಟು ಕೊಡಬೇಕು? ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಮ್ಮ ಭಾಗದ ಮಕ್ಕಳು ಈ ಲೆಕ್ಕವನ್ನು ಕಲಿಯಲೇಬೇಕು.

ಮೊದಲ ಪಾಠ ಕೋಲಾರದ್ದು. 1870ರ ದಶಕದಲ್ಲಿ ಮೈಕೆಲ್ ಲವೆಲ್ ಎಂಬಾತ ಮೈಸೂರು ಸರ್ಕಾರದಿಂದ ಚಿನ್ನ ತೆಗೆಯುವ ಹಕ್ಕು ಪಡೆದು, ಹಣ ಸಾಲದೆ ಬೇರೆಯವರಿಗೆ ಮಾರಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿ ಕಂಪನಿ ಬಂತು. ಷೇರುದಾರರ ಹಣ ಕರಗುತ್ತಿದ್ದಾಗ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು. ಲವೆಲ್ ಮಾರಿದ್ದು ಚಿನ್ನವನ್ನಲ್ಲ, ಹಕ್ಕನ್ನು.

ಆಮೇಲೆ ಲೆಕ್ಕ ಬಿಗಿಯಾಯಿತು. ಹತ್ತು ಲಕ್ಷ ಟನ್ ಅದಿರು, ಟನ್ನಿಗೆ 3 ಗ್ರಾಂ ಚಿನ್ನ ಎಂದುಕೊಳ್ಳಿ: ಒಟ್ಟು 3,000 ಕೆ.ಜಿ. ಶೇ 90ರಷ್ಟು ಕೈಗೆ ಬಂದರೆ 2,700 ಕೆ.ಜಿ., ಅಂದರೆ ಸುಮಾರು 87 ಸಾವಿರ ಔನ್ಸ್. ಇದನ್ನು ಮಾರುಕಟ್ಟೆ ದರದಿಂದ ಗುಣಿಸಿ ಬೆಲೆ ಹೇಳುವವರನ್ನು ನಂಬಬೇಡಿ. ಗಣಿ ತೋಡುವ ಖರ್ಚು, ತೆರಿಗೆ, ಕಾಯಬೇಕಾದ ವರ್ಷಗಳನ್ನೆಲ್ಲ ಕಳೆದು ಉಳಿಯುವುದೇ ಅದರ ಇಂದಿನ ಮೌಲ್ಯ. ಅದಿರನ್ನು ಅಳೆದವರು ಯಾರು ಎಂಬುದೂ ಮುಖ್ಯ. 1997ರಲ್ಲಿ ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ ಬ್ರೆ-ಎಕ್ಸ್ ಕಂಪನಿಯ ಮೋಸ ಬಯಲಾದ ಮೇಲೆ ಕೆನಡಾ 2001ರಲ್ಲಿ ವರದಿಯ ನಿಯಮಗಳನ್ನು ಬಿಗಿಗೊಳಿಸಿತು. ಹಾಗಿದ್ದೂ, ಅದೇ ಕೆನಡಾದಲ್ಲಿ ಕಿನ್‌ರಾಸ್ ಕಂಪನಿ ಗ್ರೇಟ್ ಬೇರ್ ರಿಸೋರ್ಸಸ್ ಅನ್ನು ಸುಮಾರು 180 ಕೋಟಿ ಕೆನಡಾ ಡಾಲರಿಗೆ 2022ರಲ್ಲಿ ಕೊಂಡಾಗ ನಿಕ್ಷೇಪದ ಅಧಿಕೃತ ಅಂದಾಜು ಪ್ರಕಟವಾಗಿರಲೇ ಇಲ್ಲ. ಕೊರೆದು ತೆಗೆದ ಕಲ್ಲಿನ ಫಲಿತಾಂಶ ಕಂಡೇ ಅಷ್ಟು ಹಣ ಸುರಿದರು.

ನಮ್ಮಲ್ಲಿ ಅಂಥ ಧೈರ್ಯಕ್ಕೆ ಕಾನೂನಿನ ಆಸರೆ ಇರಲಿಲ್ಲ. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಡೆಕ್ಕನ್ ಗೋಲ್ಡ್ ಮೈನ್ಸ್ ಚಿನ್ನ ಗುರುತಿಸಿ ಗಣಿ ಗುತ್ತಿಗೆಗೆ ಅರ್ಜಿ ಹಾಕಿತ್ತು. ಗಣಿ ಕಾಯ್ದೆಯ 2015ರ ತಿದ್ದುಪಡಿ ಹರಾಜನ್ನು ತಂದಿತು. ಹುಡುಕಿದವರ ಹಳೆಯ ಹಕ್ಕಿಗೆ ಸಣ್ಣ ಕಿಂಡಿಯೊಂದನ್ನು ಉಳಿಸಿತ್ತು. 2021ರ ತಿದ್ದುಪಡಿ ಅದನ್ನೂ ಮುಚ್ಚಿ, ಮಾಡಿದ ಖರ್ಚನ್ನು ಹಿಂತಿರುಗಿಸುವ ಮಾತಾಡಿತು. ಹುಡುಕಾಟದ ಖರ್ಚು ಸಿಗಬಹುದು, ಸಿಕ್ಕ ನಿಧಿಗೆ ಬೆಲೆ ಇಲ್ಲ ಎಂದಾಯಿತು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ವರ್ಷಗಟ್ಟಲೆ ಹಣ ಸುರಿದು ಕಲ್ಲು ಕೊರೆಯಲು ಮುಂದೆ ಯಾರು ಬರುತ್ತಾರೆ?

ಕೊಳ್ಳಹೊರಟಿದ್ದು ಷೇರುಪೇಟೆಯ ಕಂಪನಿಯಾದರೆ ಇನ್ನೊಂದು ಲೆಕ್ಕವಿದೆ: ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ನಿಯಮದಂತೆ ಶೇ 25ರ ಪಾಲು ಮುಟ್ಟಿದವರು ಇನ್ನೂ ಶೇ 26ಕ್ಕೆ ಎಲ್ಲ ಷೇರುದಾರರ ಮುಂದೆ ಬಹಿರಂಗವಾಗಿ ಬೆಲೆ ಇಡಬೇಕು.

ಗಣಿ ಕಾನೂನು ಮತ್ತೆ ಬದಲಾಗಿ, 2023ರಲ್ಲಿ ಚಿನ್ನವೂ ಸೇರಿ 29 ಖನಿಜಗಳಿಗೆ ಅನ್ವೇಷಣಾ ಪರವಾನಗಿ ಬಂತು. ಹುಡುಕಿದವರಿಗೆ ಮುಂದೆ ಆ ಗಣಿಯ ಹರಾಜು ಗೆದ್ದವರು ಸರ್ಕಾರಕ್ಕೆ ಕಟ್ಟುವ ಪ್ರೀಮಿಯಂನಲ್ಲಿ ಪಾಲು ಸಿಗುತ್ತದೆ. ಅಂಥ ಪರವಾನಗಿಯಷ್ಟೇ ಇರುವ ಕಂಪನಿಯನ್ನು ಕೊಳ್ಳುವವರು ಗಣಿಯನ್ನಲ್ಲ, ಆ ಪಾಲನ್ನು ಕೊಳ್ಳುತ್ತಾರೆ. ಆದ್ದರಿಂದ ಮೊದಲು ಪರವಾನಗಿ ಓದಿ, ಆಮೇಲೆ ಕಲ್ಲಿನ ವರದಿ.