ಎರಡರ ಮ್ಯಾಲಿನ ಗುರುತು

ಹೋದ ವರ್ಷ ಇಂಗ್ಲೆಂಡಿನ್ಯಾಗ ಮಗಳ ಮನ್ಯಾಗ ಇದ್ದಾಗ ಒಂದು ಫಜೀತಿ ಆತು. ಅಕಿ ಕಂಪ್ಯೂಟರಿನ್ಯಾಗ ನನ್ನ ಬ್ಯಾಂಕ್ ಖಾತೆ ನೋಡಲಿಕ್ಕೆ ಹೋದೆ. ಮೂರು ಸಲ ಪಾಸ್‌ವರ್ಡ್ ತಪ್ಪು ಅಂತು, ಖಾತೆ ಲಾಕ್ ಆತು. ಪಾಸ್‌ವರ್ಡ್ ಹೊಡಿಯೋವಾಗ ಬರೇ ಚುಕ್ಕಿ ಕಾಣ್ತಾವ, ಏನ್ ತಪ್ಪಾತು ಅಂತ ತಿಳಿಯೋದರ ಹ್ಯಾಂಗ್ರಿ? ಮಗಳು ಬಂದು ನೋಡಿ, "ಅವ್ವಾ, ಇದು ಬ್ರಿಟಿಷ್ ಕೀಬೋರ್ಡ್. ಎರಡರ ಮ್ಯಾಲ ಅಟ್ ಗುರುತು ಇರಂಗಿಲ್ಲ, ಕೊಟೇಶನ್ ಗುರುತು ಇರ್ತೈತಿ. ಅಟ್ ಅಲ್ಲಿ, ಎಂಟರ್ ಹತ್ರ" ಅಂದ್ಲು.

ಕೇಳಿ ನನಗ ನಗು ಬಂತು. ಯಾಕಂದ್ರ ಪಿಯುಸಿ ಮುಗಿಸಿ ನಾ ಟೈಪಿಂಗ್ ಕಲಿಯೋವಾಗ ನಮ್ಮ ಮಷೀನಿನ್ಯಾಗೂ ಕೊಟೇಶನ್ ಎರಡರ ಮ್ಯಾಲನ ಇತ್ತು. ಅಂದ್ರ ಬ್ರಿಟಿಷರು ಬದಲು ಮಾಡಿದ್ದಲ್ಲ, ಹಳೇದನ್ನ ಹಿಡಕೊಂಡು ಕೂತವರು. ಅಕ್ಷರದ ಸಾಲುಗಳು 1874ರಾಗ ಅಮೆರಿಕದ ರೆಮಿಂಗ್ಟನ್ ಕಂಪನಿ ಮಾರಿದ ಶೋಲ್ಸ್ ಅವರ ಮಷೀನಿನಿಂದ ಬಂದದ್ದು, ಅವು ಎರಡೂ ದೇಶದಾಗ ಒಂದ. ಫರಕು ಇರೋದು ಗುರುತಿನ್ಯಾಗ. 1961ರಾಗ ಐಬಿಎಂನವರು ಸೆಲೆಕ್ಟ್ರಿಕ್ ಅನ್ನೋ ಕರೆಂಟಿನ ಟೈಪ್‌ರೈಟರ್ ತಂದ್ರು. ಅದರಾಗ ಕೊಟೇಶನ್ನ ಬಲಗಡೆ ಸರಿಸಿ, ಎರಡರ ಮ್ಯಾಲ ಅಟ್ ಕೂಡಿಸಿದ್ರು. ಮುಂದ ಅಮೆರಿಕದ ಕಂಪ್ಯೂಟರಿಗೂ ಅದ ಹತ್ತಿತು, ನಮ್ಮ ಕಡೆ ಬಂದದ್ದೂ ಅದ. ಬ್ರಿಟಿಷರು ಮಾತ್ರ ಹಳೇ ಜಾಗಾ ಬಿಡಲಿಲ್ಲ. ಮೂರರ ಮ್ಯಾಲ ನಮಗ ಹ್ಯಾಶ್, ಅವರಿಗೆ ಪೌಂಡು. ದಿನಾ ರೊಕ್ಕದ ಲೆಕ್ಕಾ ಬರಿಯೋರು ಅದನ್ನ ಹೆಂಗ ಬಿಟ್ಟಾರು? ನಮ್ಮ ರೂಪಾಯಿಗೆ ಈಗಿನ ಗುರುತು ಬಂದದ್ದ 2010ರಾಗ.

ನಮ್ಮ ಅಳಿಯಾರಿಗೆ ಹಳೇ ಕೀಬೋರ್ಡಿನ ಹುಚ್ಚು. ಅವರ ಮೇಜಿನ ಮ್ಯಾಲ ಐಬಿಎಂನ ಮಾಡೆಲ್ ಎಂ ಐತಿ. 1985ರಾಗ ಬಂದ ನಮೂನಿ ಅದು, ಇವರದ್ದು ಸ್ಕಾಟ್ಲೆಂಡಿನ ಗ್ರೀನಕ್‌ನಾಗ ಮಾಡಿದ್ದು. ತೂಕ ಎರಡು ಕಿಲೋ ಮ್ಯಾಲ! ಪ್ರತಿ ಕೀ ಕೆಳಗ ಒಂದು ಸ್ಪ್ರಿಂಗ್ ಐತಿ, ಒತ್ತಿದ್ರ ಅದು ಡೊಂಕಾಗಿ ಟಕ್ ಅಂತೈತಿ. ಅಕ್ಷರ ಬಿತ್ತು ಅಂತ ಬೆರಳಿಗೇ ತಿಳೀತೈತಿ. ಈಗಿನ ಲ್ಯಾಪ್‌ಟಾಪ್ ಒತ್ತೋದಂದ್ರ ಹಸಿ ಹಪ್ಪಳ ಒತ್ತಿದಂಗ.

ಒಂದು ರವಿವಾರ ಅವರು ನಮ್ಮನ್ನ ಕೇಂಬ್ರಿಜ್‌ನ ಹಳೇ ಕಂಪ್ಯೂಟರ್ ಮ್ಯೂಸಿಯಂಗೆ ಕರಕೊಂಡು ಹೋದ್ರು. ಅಲ್ಲಿ ಮುಟ್ಟಬ್ಯಾಡ್ರಿ ಅನ್ನಂಗಿಲ್ಲ, ಕೂತು ಹೊಡೀಬಹುದು. 1982ರ ಸಿಂಕ್ಲೇರ್ ಸ್ಪೆಕ್ಟ್ರಮ್‌ಗೆ ರಬ್ಬರ್ ಕೀ, ಒಂದೊಂದರ ಸುತ್ತ ನಾಕೈದು ಶಬ್ದ ಬರದಾರ. ನನಗ ಸೇರಲಿಲ್ಲ. ಬಾಜೂಕ 1981ರ ಬಿಬಿಸಿ ಮೈಕ್ರೊ ಇತ್ತು: ಕರೇ ಕೀ, ಮ್ಯಾಲ ಹತ್ತು ಕೆಂಪು ಕೀ. ಮಂದಿಗೆ ಕಂಪ್ಯೂಟರ್ ಕಲಿಸಲಿಕ್ಕೆ ಬಿಬಿಸಿಯವರು ಅದ ಊರಿನ ಏಕಾರ್ನ್ ಕಂಪನಿ ಕಡಿಂದ ಮಾಡಿಸಿದ್ದು. 1984ರಾಗ ನಮ್ಮ ಸರಕಾರ ಸಾಲಿಯೊಳಗ ಕಂಪ್ಯೂಟರ್ ಕಲಿಸೋ ಯೋಜನಾ ಸುರು ಮಾಡಿದಾಗ ತಂದದ್ದೂ ಇದನ್ನ. ನಮ್ಮ ಸಾಲಿಗೆ ಬರಲಿಲ್ಲ ಬಿಡ್ರಿ.

ಅದರ ಪರದೆ ಮ್ಯಾಲ ಏನರ ಮೂಡಿಸಬೇಕಂದ್ರ ಮೊದಲ ಪ್ರಿಂಟ್ ಅಂತ ಹೊಡದು, ಕೊಟೇಶನ್ ಹಾಕಬೇಕು. ಅಳಿಯಾರು ಎಲ್ಲಿ ಐತಿ ಅಂತ ತೋರಿಸೋದ್ರಾಗ ನನ್ನ ಬೆರಳು ಎರಡರ ಮ್ಯಾಲ ಹೋಗಿ ಹೊಡದಾಗಿತ್ತು. ಮೂವತ್ತೈದು ವರ್ಷದ ಮ್ಯಾಲ, ಕೀ ನೋಡದನ ನನ್ನ ಹೆಸರು, ನಮ್ಮೂರ ಹೆಸರು ಎರಡೂ ಹೊಡದೆ.

ಹಿಂದ ನಿಂತಿದ್ದ ಮಗಳು, "ಅವ್ವಾ, ನಿನಗ ಟೈಪಿಂಗ್ ಬರ್ತೈತಿ ಅಂತ ಹೇಳೇ ಇಲ್ಲಲ್ಲ!" ಅಂದ್ಲು.

ಜೂನಿಯರ್ ಪಾಸಾದ ಸರ್ಟಿಫಿಕೇಟು ಟ್ರಂಕಿನ ತಳದಾಗ ಐತಿ. ಮದಿವಿ ಆದಮ್ಯಾಲ ಯಾರೂ ಕೇಳಲಿಲ್ಲ, ನಾನೂ ತಗೀಲಿಲ್ಲ.