ತೋಟಾ ನುಂಗದ ಹಳೆಯ ರೈಫಲ್ಲು

ಹಳೆಯ ಅರೆ-ಸ್ವಯಂಚಾಲಿತ ರೈಫಲ್ಲೊಂದು ಮೂರು ಗುಂಡು ಹಾರಿಸಿ ನಾಲ್ಕನೆಯದಕ್ಕೆ ತಡೆದು ನಿಂತಾಗ, ತೋಟಾ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡು ಅದರ ಸೀಸದ ಮೂತಿ ನಳಿಗೆಯ ಅಂಚಿಗೆ ತಗುಲಿ ನಜ್ಜುಗುಜ್ಜಾಗಿ ಕಂಡಾಗ, ಕೈಯಲ್ಲಿ ಹಿಡಿದವನ ಸಂಶಯವೆಲ್ಲ ಲೋಹದ ಮೇಲೆಯೇ ಹರಿಯುವುದು ಸಹಜ; ಯಾವುದೋ ಮೂಲೆ ತುಸು ಎತ್ತರವಾಗಿರಬೇಕು, ಅರದಿಂದ ಎರಡು ಸಲ ಉಜ್ಜಿದರೆ ಸರಿಹೋದೀತು ಎಂದು ಅವನಿಗೆ ತೋರುತ್ತದೆ. ಆದರೆ ಈ ಯಂತ್ರಗಳ ಪೂರ್ವಚರಿತ್ರೆಯನ್ನು ಪರಿಶೀಲಿಸಿದಷ್ಟೂ ನನ್ನಲ್ಲಿ ದೃಢವಾಗಿರುವ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಇಂಥ ರೈಫಲ್ಲಿನ ದೋಷವು ಬಹುಮಟ್ಟಿಗೆ ತೋಟಾದಲ್ಲಿಯೋ, ಕೊಳೆಯಲ್ಲಿಯೋ, ದಣಿದ ಸ್ಪ್ರಿಂಗಿನಲ್ಲಿಯೋ ಅಡಗಿರುತ್ತದೆ; ಉಕ್ಕು ಪ್ರಾಯಶಃ ನಿರಪರಾಧಿ.

ನಮ್ಮ ಕಾಲೇಜುಗಳ ಎನ್.ಸಿ.ಸಿ. ಶಿಬಿರಗಳಲ್ಲಿ ಗುರಿಯಭ್ಯಾಸ ಮಾಡಿದವರು 'ಪಾಯಿಂಟ್ ಟೂಟೂ' ಎಂದು ಕರೆಯುವ ಕಿರುತೋಟಾವೇ ಈ ಕಥೆಯ ಮೂಲ. ದೊಡ್ಡ ತೋಟಾಗಳಲ್ಲಿರುವಂತೆ ಇದರ ತಳದ ನಡುವೆ ಪ್ರತ್ಯೇಕವಾದ ಕ್ಯಾಪು ಇರುವುದಿಲ್ಲ. ಹಿತ್ತಾಳೆಯ ತಳವನ್ನು ಹೊರಕ್ಕೆ ಮಡಿಸಿ ಮಾಡಿದ ಅಂಚಿನ ಟೊಳ್ಳಿನಲ್ಲಿಯೇ ಕಿಡಿಯೇಳುವ ಮದ್ದು ತುಂಬಿರುತ್ತದೆ, ಆ ಅಂಚನ್ನು ಕುಟ್ಟಿದರೆ ಹೊತ್ತಿಕೊಳ್ಳುತ್ತದೆ. ಅದರಿಂದಲೇ ರಿಮ್‌ಫೈರ್ ಎಂಬ ಹೆಸರು. ಪ್ಯಾರಿಸಿನ ಫ್ಲೋಬೇರ್ ಎಂಬಾತನು 1845ರಲ್ಲಿ ಇದರ ಬೀಜರೂಪವನ್ನು ಕಲ್ಪಿಸಿದನು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ನರು ತಮ್ಮ ಪುಟ್ಟ ರಿವಾಲ್ವರಿಗಾಗಿ .22 ಶಾರ್ಟ್ ತೋಟಾವನ್ನು ತಂದರು. 1887ರಲ್ಲಿ ಸ್ಟೀವನ್ಸ್ ಕಂಪನಿಯು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾವನ್ನು ಹೊರತಂದಿತು. ಐದು ಗ್ರೇನು ಕರಿಮದ್ದು, ನಲವತ್ತು ಗ್ರೇನು, ಎಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು. ಇಷ್ಟೇ ಅದರ ಸಂಪತ್ತು.

ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ರೈಫಲ್ಲಿನಲ್ಲಿ ಈ ಅಲ್ಪಬಲವು ಯಾರಿಗೂ ತೊಡಕಾಗಲಿಲ್ಲ, ಏಕೆಂದರೆ ತೋಟಾ ತುಸು ಬಿಗಿಯಾದರೆ ಕೈಯೇ ಅದನ್ನರಿತು ತುಸು ಹೆಚ್ಚಾಗಿ ಒತ್ತುತ್ತದೆ. ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುವ ರೈಫಲ್ಲಿಗಾದರೋ ಅಂಥ ಅರಿವಿಲ್ಲ. ಗುಂಡು ಮುಂದಕ್ಕೆ ಹಾರುವಾಗ ಖಾಲಿ ತೋಟಾ ಹಿಂದಕ್ಕೆ ಒದೆಯುವ ಆ ಒಂದು ಒದೆತದಲ್ಲಿಯೇ ಬೋಲ್ಟು ಹಿಂದೆ ಸರಿಯಬೇಕು, ಖಾಲಿ ಚಿಪ್ಪು ಹೊರಬೀಳಬೇಕು, ಸುತ್ತಿಗೆ ಮತ್ತೆ ಸಜ್ಜಾಗಬೇಕು, ಅದುಮಿದ ಸ್ಪ್ರಿಂಗು ಮರಳಿ ಬೋಲ್ಟನ್ನು ಮುಂದೂಡಿ ಹೊಸ ತೋಟಾವನ್ನು ನಳಿಗೆಗೆ ಸೇರಿಸುವಷ್ಟು ಬಲವೂ ಉಳಿದಿರಬೇಕು. ಉಪ್ಪು ಕೊಂಡರೆ ಎಣ್ಣೆಗೆ ಕಾಸಿಲ್ಲದ ಬಡವನ ಸಂಸಾರದಂತೆ, ಇಲ್ಲಿ ಎಲ್ಲಿಯೂ ಹೆಚ್ಚಿಗೆ ಎಂಬುದಿಲ್ಲ. ಇದರ ಮೇಲೆ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಮಿಗಿಲಾದ ಭಾಗವು ಹೊಗೆ ಮತ್ತು ಮಸಿಯಾಗಿ ಉಳಿಯುತ್ತಿದ್ದಿತು; ಆ ಮಸಿಯು ಬೋಲ್ಟಿನ ಹಾದಿಯಲ್ಲಿ ಕುಳಿತರೆ ಸಾಕು, ಯಂತ್ರವು ಕೆಲವೇ ಗುಂಡುಗಳಿಗೆ ನಿಂತುಹೋಗುತ್ತಿದ್ದಿತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆಯೂ .22 ತೋಟಾಗಳು ಬಹುಕಾಲ ಕರಿಮದ್ದಿನಲ್ಲಿಯೂ ಅರೆಮಿಶ್ರಣದ ಮದ್ದಿನಲ್ಲಿಯೂ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದ್ದವು. ವಿಂಚೆಸ್ಟರ್ ಕಂಪನಿಯ ಥಾಮಸ್ ಕ್ರಾಸ್ಲಿ ಜಾನ್ಸನ್ನನು 1903ರ ಮಾದರಿಯ ರೈಫಲ್ಲನ್ನು ರಚಿಸಿದಾಗ ಅವನೆದುರಿಗಿದ್ದ ಪ್ರಶ್ನೆ ಇದೇ: ಕೊಳ್ಳುವವನು ಅಗ್ಗದ ಕರಿಮದ್ದಿನ ತೋಟಾವನ್ನು ತುಂಬದಂತೆ ತಡೆಯುವುದು ಹೇಗೆ? ಕಂಪನಿಯು ಕಂಡುಕೊಂಡ ಉಪಾಯವು ಸರಳವೂ ದಿಟ್ಟವೂ ಆದುದು. ಸಾಮಾನ್ಯ ತೋಟಾಕ್ಕಿಂತ ದಪ್ಪನಾದ, ಹೊಗೆಯಿಲ್ಲದ ಮದ್ದನ್ನೇ ತುಂಬಿದ, ಮೇಣವು ಹೊರಗೆ ಅಂಟದಂತೆ ಚಿಪ್ಪಿನೊಳಗೇ ಅಡಗಿದ .22 ವಿಂಚೆಸ್ಟರ್ ಆಟೋಮ್ಯಾಟಿಕ್ ಎಂಬ ಹೊಸ ತೋಟಾವನ್ನೇ ಅವರು ಸೃಷ್ಟಿಸಿ, ರೈಫಲ್ಲು ಅದೊಂದಕ್ಕೇ ಹೊಂದುವಂತೆ ಮಾಡಿದರು. ಹೆಗಲಿಗೆ ಆನಿಸುವ ಮರದೊಳಗೆ ಕೊಳವೆಯೊಂದನ್ನಿಟ್ಟು, ಅದರಲ್ಲಿ ಹತ್ತು ತೋಟಾಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುವಂತೆ ಏರ್ಪಡಿಸಿದರು.

ಆ ವ್ಯವಸ್ಥೆಯು ಎಷ್ಟು ನಂಬಿಗಸ್ತವಾಗಿದ್ದಿತೆಂಬುದಕ್ಕೆ 1907ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ನಡೆದ ಪ್ರದರ್ಶನವೇ ಸಾಕ್ಷಿ. ಅಡಾಲ್ಫ್ ಟಾಪರ್‌ವೈನ್ ಎಂಬ ಗುರಿಕಾರನು ಇದೇ ಮಾದರಿಯ ರೈಫಲ್ಲುಗಳನ್ನು ಹಿಡಿದು, ಗಾಳಿಯಲ್ಲಿ ತೂರಿದ ಎರಡೂಕಾಲು ಅಂಗುಲದ ಮರದ ತುಂಡುಗಳಿಗೆ ಹತ್ತು ದಿನಗಳ ಕಾಲ ಗುಂಡಿಟ್ಟನು. 72,500 ತುಂಡುಗಳಲ್ಲಿ ಗುರಿ ತಪ್ಪಿದವು ಒಂಬತ್ತೇ. ಜನರು ಆತನ ಕಣ್ಣನ್ನು ಕೊಂಡಾಡುತ್ತಾರೆ, ಅದು ನ್ಯಾಯವೇ. ಆದರೆ ಹತ್ತರಂತೆ ತುಂಬಿದರೂ ಏಳು ಸಾವಿರಕ್ಕೂ ಮಿಗಿಲು ಸಲ ತುಂಬಿಸಿಕೊಂಡು ತೋಟಾಗಳನ್ನು ಸರಿಸಿಕೊಟ್ಟ ಆ ಕೊಳವೆ, ಆ ಸ್ಪ್ರಿಂಗುಗಳ ಸೇವೆಯನ್ನು ನೆನೆದಾಗ ನನಗೆ ಜಾನ್ಸನ್ನನ ಮೇಲಿನ ಗೌರವವು ಇಮ್ಮಡಿಯಾಗುತ್ತದೆ.

ವಿಶೇಷ ತೋಟಾದ ಹಂಗಿಲ್ಲದೆ ಬೇರೆ ದಾರಿ ಹಿಡಿದ, ಜಾನ್ ಬ್ರೌನಿಂಗ್ ಎಂಬ ರಚನಕಾರನ ರೈಫಲ್ಲು 1914ರಲ್ಲಿ ಬೆಲ್ಜಿಯಮ್ಮಿನ ಹೆರ್ಸ್ಟಾಲಿನ ಎಫ್.ಎನ್. ಕಾರ್ಖಾನೆಯಿಂದ ಹೊರಬಂದಿತು; 1922ರಿಂದ ರೆಮಿಂಗ್ಟನ್ನರು ಅದನ್ನೇ 24ನೆಯ ಮಾದರಿಯಾಗಿ ಅಮೆರಿಕದಲ್ಲಿ ತಯಾರಿಸಿದರು. ಅದು ಸಾಮಾನ್ಯ ತೋಟಾವನ್ನೇ ಉಪಯೋಗಿಸಿತು, ಖಾಲಿ ಚಿಪ್ಪನ್ನು ಕೆಳಕ್ಕೆ ಉದುರಿಸಿತು, ಎರಡು ತುಂಡಾಗಿ ಬಿಚ್ಚಿಕೊಂಡಿತು. ಬಿಚ್ಚಿ ಜೋಡಿಸಿದಂತೆಲ್ಲ ನಳಿಗೆಯ ಸಂದು ಸಡಿಲವಾಗುವುದೆಂಬುದನ್ನು ಮುನ್ನರಿತು, ಅಲ್ಲಿ ಹಲ್ಲುಹಲ್ಲಾದ ಉಂಗುರವೊಂದನ್ನಿಟ್ಟು, ಅದನ್ನು ಒಂದು ಹಲ್ಲಿನಷ್ಟು ತಿರುಗಿಸಿ ಬಿಗಿಮಾಡಿಕೊಳ್ಳುವಂತೆ ರಚನಕಾರನು ಅನುಕೂಲ ಕಲ್ಪಿಸಿದ್ದನು. ಸವೆತಕ್ಕೆ ಮದ್ದನ್ನು ಯಂತ್ರದೊಳಗೇ ಇಟ್ಟುಹೋದ ಇಂಥ ದೂರದೃಷ್ಟಿಯನ್ನು ಅರಿಯದೆ, ಸಂದು ಸಡಿಲಾಯಿತೆಂದು ಬೇರೆ ಭಾಗಗಳನ್ನು ಉಜ್ಜಿ ಕೆಡಿಸುವುದನ್ನು ಕಂಡರೆ ಯಾರಿಗೆ ವ್ಯಥೆಯಾಗದು?

1926ರ ಸುಮಾರಿಗೆ ನಳಿಗೆಗೆ ತುಕ್ಕು ಹಿಡಿಸದ ಕಿಡಿಮದ್ದು ಬಂದಿತು, 1930ರ ಸುಮಾರಿಗೆ ಹೆಚ್ಚು ವೇಗದ ತೋಟಾ ಬಂದಿತು, ಕರಿಮದ್ದು ಕ್ರಮೇಣ ಕಣ್ಮರೆಯಾಯಿತು. ವಿಶೇಷ ತೋಟಾದ ಅಗತ್ಯವೇ ಇಲ್ಲದಂತಾದಾಗ ವಿಂಚೆಸ್ಟರ್ ಕಂಪನಿಯು 1933ರಲ್ಲಿ ತನ್ನ 1903ರ ಮಾದರಿಯನ್ನೇ ಸಾಮಾನ್ಯ ಲಾಂಗ್ ರೈಫಲ್ ತೋಟಾಕ್ಕೆ ಹೊಂದಿಸಿ 63ನೆಯ ಮಾದರಿ ಎಂದು ಮಾರಿತು. ಆದರೆ ಹಳೆಯವು ಮನೆಮನೆಗಳಲ್ಲಿ ಉಳಿದೇ ಉಳಿದವು. ತಾತನ ಕಾಲದ ರೈಫಲ್ಲಿಗೆ ಮೊಮ್ಮಗನು ಅಂಗಡಿಯ ಸಾಮಾನ್ಯ ತೋಟಾವನ್ನು ತುಂಬಿದರೆ, ಅದು ದಪ್ಪ ತೋಟಾಕ್ಕೆಂದು ಕೊರೆದ ನಳಿಗೆಯ ಗೂಡಿನಲ್ಲಿ ಸಡಿಲವಾಗಿ, ಓರೆಯಾಗಿ ಕುಳಿತು, ಹಾರಿದರೆ ಚಿಪ್ಪು ಉಬ್ಬಿ ಸೀಳುವುದೂ ಉಂಟು. ರೋಗವು ರೈಫಲ್ಲಿನದಲ್ಲ, ಕಾಲಾಂತರದ್ದು. 1914ರಲ್ಲಿ ಬಂದ ರೆಮಿಂಗ್ಟನ್ನಿನ 16ನೆಯ ಮಾದರಿಗೂ ಬೇರೊಂದು ವಿಶೇಷ ತೋಟಾವಿದ್ದು, ವಿಂಚೆಸ್ಟರಿನದು ಅದಕ್ಕೂ ಹೊಂದದು.

ಇಂಥ ಹಳೆಯ ರೈಫಲ್ಲು ಕೈಗೆ ಬಂದಾಗ ಬಲ್ಲ ರಿಪೇರಿಗಾರನು ಮೊದಲು ನೋಡುವುದು ತೋಟಾಗಳ ಕೊಳವೆಯನ್ನು. ಬರಿದಾಯಿತೆಂದುಕೊಂಡ ಕೊಳವೆಯಲ್ಲಿ ತೋಟಾವೊಂದು ಸಿಕ್ಕಿಕೊಂಡು ಉಳಿದಿರುವ ಅಪಾಯವುಂಟು. ತೆಳುವಾದ ಆ ಕೊಳವೆಯಲ್ಲಿ ಉಗುರಿನಷ್ಟು ತಗ್ಗು ಬಿದ್ದಿದ್ದರೂ ತೋಟಾಗಳ ಸಾಲು ಅಲ್ಲಿಯೇ ನಿಲ್ಲುತ್ತದೆ. ಹತ್ತಾರು ವರ್ಷಗಳ ಹಿಂದೆ ಹಾಕಿದ ಎಣ್ಣೆಯು ಅರಗಿನಂತೆ ಗಟ್ಟಿಯಾಗಿ, ಗುಂಡಿನ ಮೇಣ ಮತ್ತು ಸೀಸದ ಪುಡಿಯೊಡನೆ ಬೆರೆತು ಬೋಲ್ಟಿನ ಹಾದಿಯಲ್ಲಿಯೂ, ಚಿಪ್ಪನ್ನು ಎಳೆಯುವ ಕೊಕ್ಕೆಯ ಬೆನ್ನಲ್ಲಿಯೂ ತುಂಬಿರುತ್ತದೆ. ಮೊಂಡಾಯಿತೆಂದು ಭಾವಿಸಿದ್ದ ಕೊಕ್ಕೆಯು ಎಷ್ಟೋ ವೇಳೆ ಈ ಕೊಳೆಯನ್ನು ತೆಗೆದೊಡನೆ ಚೂಪಾಗಿಯೇ ಕಚ್ಚುತ್ತದೆ.

ಇನ್ನೊಂದು ದೋಷವುಂಟು, ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ತೋಟಾವಿಲ್ಲದೆ ಕುದುರೆಯನ್ನು ಎಳೆದರೆ, ರಿಮ್‌ಫೈರ್ ರೈಫಲ್ಲಿನಲ್ಲಿ ತೋಟಾದ ಅಂಚನ್ನು ಕುಟ್ಟುವ ಮೊಳೆಯು ನಳಿಗೆಯ ಬಾಯಂಚಿಗೇ ಬಡಿಯುವ ಸಂಭವವಿರುತ್ತದೆ. ಮಕ್ಕಳು ಆಟಕ್ಕೆಂದು ನೂರಾರು ಸಲ ಹೀಗೆ ಬಡಿದಲ್ಲಿ ಉಕ್ಕು ತಗ್ಗಾಗಿ, ತಗ್ಗಿನ ಪಕ್ಕದಲ್ಲಿ ಗೂಡಿನೊಳಕ್ಕೆ ಎಳ್ಳುಕಾಳಿಗಿಂತ ಕಿರಿದಾದ ಮುಳ್ಳೊಂದು ಏಳುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಅದು ಕಾಣುತ್ತದೆ. ಒಳಬರುವ ಪ್ರತಿಯೊಂದು ತೋಟಾದ ಮೈಯನ್ನೂ ಅದು ಗೀರಿ ತಡೆಯುತ್ತದೆ. ಕೈಪಳಗಿದವನು ಇಲ್ಲಿಯೂ ಅರವನ್ನು ಮುಟ್ಟುವುದಿಲ್ಲ. ನುಣುಪಾದ, ಗಡಸು ಉಕ್ಕಿನ, ತುದಿ ಕಿರಿದಾದ ಕಡ್ಡಿಯೊಂದನ್ನು ಒಳತೂರಿಸಿ, ಎದ್ದ ಉಕ್ಕನ್ನು ಅದರ ಹಳೆಯ ಜಾಗಕ್ಕೇ ಮೆಲ್ಲನೆ ಒತ್ತಿ ಕೂಡಿಸುತ್ತಾನೆ. ಲೋಹದ ಒಂದು ಕಣವೂ ನಷ್ಟವಾಗುವುದಿಲ್ಲ.

1964ರಲ್ಲಿ ಬಂದ ರೂಗರ್ 10/22 ರೈಫಲ್ಲು, ತೋಟಾದ ಅಂಚುಗಳು ಒಂದನ್ನೊಂದು ತೊಡರದಂತೆ ಹತ್ತನ್ನೂ ಬೇರೆಬೇರೆ ಹಲ್ಲುಗಳ ನಡುವೆ ಕೂರಿಸಿ ತಿರುಗಿಸುವ ಮ್ಯಾಗಜಿನ್ನಿನಿಂದ ಜಗತ್ತನ್ನು ಗೆದ್ದುಕೊಂಡಿತು. ಹಳೆಯವುಗಳ ರಿಪೇರಿ ಬಲ್ಲವರು ಅಂದಿನಿಂದ ವಿರಳರಾಗುತ್ತಿದ್ದಾರೆ. ಆದುದರಿಂದ ಅಂಥ ರೈಫಲ್ಲೊಂದು ಹಿರಿಯರಿಂದ ಬಳುವಳಿಯಾಗಿ ಕೈಸೇರಿದವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಯಾವುದನ್ನೂ ಉಜ್ಜುವ ಮೊದಲು, ಅದರ ಮೈಮೇಲೆ ಕೊರೆದಿರುವ ತೋಟಾದ ಹೆಸರನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಪೂರ್ತಿಯಾಗಿ ಓದಿರಿ.