ನೆಲದೊಳಗಿನ ತಂಪು

ಬೇಸಗೆಯ ನಡುಹಗಲಿನಲ್ಲಿ ನೀವು ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋಗಿದ್ದರೆ ಅಲ್ಲಿಯ ಮರಳು ನಿಮ್ಮ ಅಂಗಾಲನ್ನು ಸುಟ್ಟೇ ಇರುತ್ತದೆ. ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಓಡಿಯೇ ಹೋಗಬೇಕು. ಆದರೆ ಅದೇ ಮರಳನ್ನು ಒಂದು ಮೊಳ ತೋಡಿ ಕೈಯಿಟ್ಟು ನೋಡಿ, ತಂಪಾಗಿರುತ್ತದೆ. ನಂಜನಗೂಡಿನಲ್ಲಿ ಕಪಿಲೆಯ ಮರಳಿನಲ್ಲಿ ಒರತೆ ತೋಡಿ ನೀರು ಕುಡಿದವರಿಗೂ ಈ ಮಾತು ಗೊತ್ತು. ಮಾಗಿಯ ಮುಂಜಾನೆ ಸೇದಿದ ಬಾವಿಯ ನೀರು ಬೆಚ್ಚಗೆ, ಬೇಸಗೆಯಲ್ಲಿ ಸೇದಿದ್ದು ತಣ್ಣಗೆ ಎನ್ನುತ್ತೇವೆ. ನಿಜವಾಗಿ ನೀರು ಹೆಚ್ಚು ಬದಲಾಗಿರುವುದಿಲ್ಲ. ಬದಲಾದದ್ದು ಹೊರಗಿನ ಗಾಳಿ.

ಇದರ ಕಾರಣ ಸರಳ. ಬಿಸಿಲಿನ ಶಾಖ ನೆಲದೊಳಕ್ಕೆ ಬಹು ನಿಧಾನವಾಗಿ ಇಳಿಯುತ್ತದೆ. ಒಂದೆರಡು ಮೊಳದ ಕೆಳಗೆ ಹಗಲು ರಾತ್ರಿಗಳ ಭೇದ ಅಡಗುತ್ತದೆ. ಮೂರು ನಾಲ್ಕು ಮೀಟರು ಇಳಿದರೆ ಬೇಸಗೆ ಚಳಿಗಾಲಗಳ ಭೇದವೂ ಬಹುಮಟ್ಟಿಗೆ ಕುಗ್ಗಿ, ಇಡೀ ವರ್ಷದ ಸರಾಸರಿ ಉಷ್ಣತೆಯೇ ಅಲ್ಲಿ ನಿಂತಿರುತ್ತದೆ. ನಮ್ಮ ಮೈಸೂರು ಸೀಮೆಯಲ್ಲಿ ಅದು ಸುಮಾರು 25 ಡಿಗ್ರಿ ಸೆಲ್ಸಿಯಸ್. ನೆಲದಲ್ಲಿ ಕೊಳವೆ ಹೂತು, ಅದರ ಮೂಲಕ ಗಾಳಿಯನ್ನು ಎಳೆದು ಮನೆಯನ್ನು ಬೇಸಗೆಯಲ್ಲಿ ತಂಪಾಗಿಯೂ ಚಳಿಯಲ್ಲಿ ಬೆಚ್ಚಗೂ ಇಡುವ ಉಪಾಯಕ್ಕೆ ಇದೇ ಆಧಾರ. ಇದನ್ನು ಹೊಸ ಕಾಲದ ಜಾಣ್ಮೆ ಎಂದು ನೀವು ಭಾವಿಸಿದ್ದರೆ, ಒಮ್ಮೆ ನಮ್ಮ ಹಗೇವುಗಳನ್ನು ನೆನೆಯಿರಿ.

ಹಗೇವು ಎಂದರೆ ನೆಲದೊಳಗಿನ ಕಣಜ. ಕಿರಿದಾದ ಬಾಯಿ, ಅಗಲವಾದ ಹೊಟ್ಟೆ. ನೀರು ನಿಲ್ಲದ ಎತ್ತರದ ಜಾಗದಲ್ಲಿ ತೋಡಿ, ಒಳಗೆ ಹುಲ್ಲು ಒಡ್ಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿಯ ಧಾನ್ಯದ ಹಗೇವುಗಳ ವಿಚಾರವನ್ನು ಬರೆದಿಟ್ಟಿದ್ದಾನೆ. ಮಳೆ ಕೈಕೊಟ್ಟ ವರ್ಷ ಮನೆಯನ್ನು ಕಾಯುತ್ತಿದ್ದದ್ದು ಈ ರಾಗಿಯೇ.

ಕನ್ನಡದಲ್ಲಿ ಇದಕ್ಕೆ ಹಗೆ ಎಂಬ ಹೆಸರೂ ಉಂಟು. ಹಗೆ ಎಂದರೆ ವೈರಿಯೂ ಹೌದು. ಎರಡು ಶಬ್ದಗಳ ಮೂಲ ಬೇರೆಯಿರಬಹುದು, ಆದರೆ ಚಿಕ್ಕಂದಿನಲ್ಲಿ ನಾನು ಕಂಡ ಒಂದು ಪ್ರಸಂಗದಿಂದ ಅವೆರಡೂ ನನ್ನ ಮನಸ್ಸಿನಲ್ಲಿ ಕೂಡಿಕೊಂಡಿವೆ. ನರಸೀಪುರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಅಂದು ಹಗೇವು ತೆರೆದಿದ್ದರು. ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಬಿಗಿದು ಇಳಿಯಲು ಸಿದ್ಧನಾಗಿದ್ದ. ತಾತ ಮೊದಲು ಒಂದು ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟರು. ಅದು ಅರ್ಧ ದಾರಿಯಲ್ಲೇ ನಂದಿತು. ತಾತ ಚಿಕ್ಕಪ್ಪನ ರಟ್ಟೆ ಹಿಡಿದು, "ಇವತ್ತು ಬೇಡ ಕಣೋ, ನಾಳೆ ನೋಡೋಣ" ಎಂದರು. ಮರುದಿನ ದೀಪ ತಳದವರೆಗೂ ಉರಿಯಿತು. ಆಮೇಲೆಯೇ ಆತ ಇಳಿದದ್ದು. ಮುಚ್ಚಿದ ಹಗೇವಿನಲ್ಲಿ ಧಾನ್ಯವೂ ಉಸಿರಾಡಿ ಆಮ್ಲಜನಕವನ್ನು ತೀರಿಸಿ, ಭಾರವಾದ ಇಂಗಾಲದ ಡೈ ಆಕ್ಸೈಡನ್ನು ತುಂಬುತ್ತದೆ. ಹುಳುವನ್ನು ಕೊಂದು ರಾಗಿಯನ್ನು ಉಳಿಸುವ ಆ ಗಾಳಿಯೇ ಆತುರದಿಂದ ಇಳಿದ ಮನುಷ್ಯನನ್ನೂ ಕೊಲ್ಲುತ್ತದೆ.

ಆದ್ದರಿಂದ ನೆಲದ ತಂಪು ಧಾನ್ಯಕ್ಕೆ ಒದಗಿದಂತೆ ಮನುಷ್ಯನಿಗೆ ಒದಗಬೇಕಾದರೆ ಗಾಳಿ ನಿಲ್ಲಬಾರದು, ಹರಿಯಬೇಕು. ಇದನ್ನು ಮಾಡಿ ತೋರಿಸಿದವರಲ್ಲಿ ಇಟಲಿಯ ವಿಚೆಂಜಾ ಬಳಿಯ ಕೊಸ್ತೊಜ್ಜಾ ಊರಿನವರು ಪ್ರಸಿದ್ಧರು. 16ನೆಯ ಶತಮಾನದಲ್ಲಿ ಅಲ್ಲಿಯ ಶ್ರೀಮಂತರು ಗುಡ್ಡದ ಗುಹೆಗಳಿಂದ ತಮ್ಮ ಮನೆಗಳಿಗೆ ನೆಲದಡಿಯಲ್ಲಿ ಸುರಂಗ ತಂದು, ಗುಹೆಯ ತಂಪು ಗಾಳಿಯನ್ನು ಕೋಣೆಗಳಿಗೆ ಹಾಯಿಸಿದರು. ಶಿಲ್ಪಿ ಪಲ್ಲಾಡಿಯೋ 1570ರಲ್ಲಿ ಪ್ರಕಟಿಸಿದ ತನ್ನ ವಾಸ್ತುಗ್ರಂಥದಲ್ಲಿ ಇವನ್ನು ಹೊಗಳಿದ್ದಾನೆ.

ನಮ್ಮ ದೇಶದಲ್ಲಿಯೂ ಇಂಥದು ಉಂಟು. ದೆಹಲಿಯ ಸಮೀಪ ಗ್ವಾಲ್ ಪಹಾಡಿಯಲ್ಲಿ ಟೆರಿ ಸಂಸ್ಥೆಯವರು 2000ದಲ್ಲಿ ಮುಗಿಸಿದ ಕಟ್ಟಡದ ವಸತಿಭಾಗಕ್ಕೆ, ಸುಮಾರು 4 ಮೀಟರು ಆಳದಲ್ಲಿ ಹೂತ ಸುರಂಗಗಳಿಂದ ಫ್ಯಾನುಗಳು ಗಾಳಿಯನ್ನು ತರುತ್ತವೆ. ಬೇಸಗೆಯ ಬಿಸಿಗಾಳಿ ತಣಿದು ಬರುತ್ತದೆ, ಚಳಿಗಾಲದ ಕೊರೆಯುವ ಗಾಳಿ ಬೆಚ್ಚಗಾಗಿ ಬರುತ್ತದೆ. ಆದರೆ ಮಳೆಗಾಲದ ತೇವವನ್ನು ನೆಲವೊಂದೇ ಕಳೆಯಲಾರದೆಂದು ಅಲ್ಲಿ ಬೇರೆ ಯಂತ್ರದ ಸಹಾಯವನ್ನೂ ಇಟ್ಟುಕೊಂಡಿದ್ದಾರೆ.

ನಮ್ಮ ಎರಡು ತಾಲ್ಲೂಕುಗಳಿಗೆ ಇದು ಒಗ್ಗೀತೆ ಎಂದು ನೀವು ಕೇಳಬಹುದು. ಏಪ್ರಿಲಿನ 35 ಡಿಗ್ರಿಯ ಗಾಳಿ 28ರ ಸುಮಾರಿಗೆ ಇಳಿದು ಬಂದರೂ ತರಗತಿಯಲ್ಲಿ ಮಕ್ಕಳು ತೂಕಡಿಸದೆ ಕುಳಿತಾರು. ಆದರೆ ಎಲ್ಲ ನೆಲವೂ ಒಂದೇ ಅಲ್ಲ. ನಾಲೆಯ ಬಯಲಿನ ಗದ್ದೆಗಳ ಪಕ್ಕದಲ್ಲಿ ಸ್ವಲ್ಪ ತೋಡಿದರೆ ನೀರು. ಅಲ್ಲಿ ಕೊಳವೆಗೆ ನೀರು ನುಗ್ಗೀತು. ಎರೆನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅಲ್ಲಿ ಕೊಳವೆಯ ಕೀಲು ಬಿಟ್ಟೀತು. ಹಿರಿಯರು ಹಗೇವು ತೋಡುತ್ತಿದ್ದಂಥ, ನೀರು ನಿಲ್ಲದ ಎತ್ತರದ ಗಟ್ಟಿ ನೆಲವೇ ಇದಕ್ಕೂ ತಕ್ಕದ್ದು. ಕೊಳವೆಯೊಳಗೆ ಬೆವರಿದ ನೀರು ಬಸಿದು ಹೋಗುವಂತೆ ಇಳಿಜಾರು ಕೊಡಬೇಕು. ಇಲ್ಲವಾದರೆ ಬೂಷ್ಟು ಹಿಡಿದು ಆ ಗಾಳಿಯನ್ನೇ ನಾವು ಉಸಿರಾಡಬೇಕಾದೀತು. ಇಲಿ ಹಾವು ಹೊಗದಂತೆ ಬಾಯಿಗೆ ಜಾಲರಿ ಬೇಕು. ಮನೆ ಕಟ್ಟಿದ ಮೇಲೆ ಅಗೆಯುವುದು ದುಬಾರಿ. ಪಾಯ ತೋಡುವಾಗಲೇ ಯೋಚಿಸುವುದು ಮೇಲು.

ಕೊನೆಯದಾಗಿ ಒಂದು ಮಾತು. ಹಳ್ಳಿಯ ಬೀದಿಗಳಲ್ಲಿ, ಹಳೆಯ ಮನೆಗಳ ಅಂಗಳದಲ್ಲಿ ಎಷ್ಟೋ ಹಗೇವುಗಳು ಗುರುತಿಲ್ಲದೆ ಮುಚ್ಚಿಹೋಗಿವೆ. ನೀವು ಪಾಯ ತೋಡುವ ಮುನ್ನ ಮನೆಯ ಹಿರಿಯರನ್ನು ಕೂರಿಸಿಕೊಂಡು, ನಮ್ಮ ಹಗೇವು ಎಲ್ಲಿತ್ತೆಂದು ಕೇಳಿ ತಿಳಿಯಿರಿ. ಗೋಡೆ ಕುಸಿಯುವುದೂ ತಪ್ಪೀತು, ಯಾವ ನೆಲ ಎಂಥದೆಂಬ ಅವರ ಅನುಭವವೂ ನಿಮಗೆ ದಕ್ಕೀತು. ಹಾಗೆ ಅಗೆಯುವಾಗ ಹಳೆಯ ಹಗೇವಿನ ಬಾಯಿ ತೆರೆದುಕೊಂಡರೆ ಮಾತ್ರ, ಯಾರನ್ನೂ ಆ ದಿನವೇ ಅದರೊಳಕ್ಕೆ ಇಳಿಸಬೇಡಿ.